ಎರಡು ಕೈಯ ಲೆಕ್ಕ

ಬೊಗೊಟಾ. ಹದಿಮೂರನೇ ರಸ್ತೆ. ಬೆಳಗಿನ ಆರು.
ಮಡಚುವ ಕುರ್ಚಿ, ನಗರಸಭೆ ಕೊಟ್ಟ ಹಸಿರು ಜಾಕೀಟು,
ಕೈಗೊಂದರಂತೆ ಎರಡು ಎಣಿಕೆ ಯಂತ್ರ.
ಎಡ ಹೆಬ್ಬೆರಳು ಕಾರಿಗೆ, ಬಲದ್ದು ಸೈಕಲ್ಲಿಗೆ.
ಗೆರೆ ದಾಟಿದರೆ ಟಿಕ್.
ಇಷ್ಟಕ್ಕೆ ಸಂಬಳ.

ಇಪ್ಪತ್ತೊಂಬತ್ತು ವರ್ಷ ಇದೇ ರಸ್ತೆಯಲ್ಲಿ
ಹಳದಿ ಟ್ಯಾಕ್ಸಿ ಓಡಿಸಿದವನು ನಾನು, ಎವಾರಿಸ್ಟೊ.
ಕ್ಲಚ್ಚು ತುಳಿದೂ ತುಳಿದೂ
ಕೊನೆಗೆ ಮಂಡಿ ಕೈಕೊಟ್ಟಿತು.
ಮೂರು ಸಾಲಿನ ರಸ್ತೆಯನ್ನು ಎರಡು ಮಾಡಿ
ಮೂರನೆಯದಕ್ಕೆ ನೀಲಿ ಬಳಿದು, ಗೂಟ ನೆಟ್ಟು
ಸೈಕಲ್ಲಿಗೆ ಬರೆದುಕೊಟ್ಟ ದಿನ
ಟ್ಯಾಕ್ಸಿಗಳ ಮೆರವಣಿಗೆಯಲ್ಲಿ ಮುಂದಿದ್ದವನೂ ನಾನೇ.
ಹಾರ್ನು ಒತ್ತಿ ಒತ್ತಿ ಅವತ್ತು ಬ್ಯಾಟರಿ ಸತ್ತಿತ್ತು,
ತಳ್ಳಿಕೊಂಡು ಮನೆಗೆ ಹೋದೆ.

ಎಂಟು ಗಂಟೆಗೆ ಎಡಗೈಗೆ ವಿಶ್ರಾಂತಿ.
ಕಾರುಗಳು ಇವೆ, ಕಣ್ಣು ಹಾಯುವಷ್ಟು ದೂರ ಇವೆ,
ಆದರೆ ನಿಂತದ್ದನ್ನು ಎಣಿಸುವಂತಿಲ್ಲ, ದಾಟಿದ್ದು ಮಾತ್ರ.
ಬಲಗೈ ಬಿಡುವಿಲ್ಲದೆ ಟಿಕ್ ಟಿಕ್ ಟಿಕ್,
ಮಳೆಕೋಟು ತೊಟ್ಟ ನರ್ಸು, ಗಾರೆ ಮೆತ್ತಿದ ಬೂಟು,
ಬೆನ್ನಿಗೆ ಪೆಟ್ಟಿಗೆ ಕಟ್ಟಿದ ಊಟದ ಹುಡುಗರು
(ಇವರಲ್ಲಿ ಅರ್ಧ ಜನ ಎದುರು ದಿಕ್ಕಿನಿಂದ ಬರುತ್ತಾರೆ,
ಕಾನೂನು ಗೀನೂನು ಇವರಿಗಿಲ್ಲ).
ನಿದ್ದೆ ಹೋದ ಮಗಳನ್ನು ಸೀಟಿನ ಮೇಲೆ ಕೂರಿಸಿ
ಒಂದು ಕೈಯಲ್ಲಿ ಹಿಡಿದು, ಒಬ್ಬ ನಡೆದೇ ಬಂದ.
ಚಕ್ರ ತಿರುಗುತ್ತಿತ್ತು, ತುಳಿಯುವವರಿರಲಿಲ್ಲ.
ಒತ್ತಲೋ ಬೇಡವೋ ಎನ್ನುವಷ್ಟರಲ್ಲಿ ದಾಟಿಹೋದ.
ಎಂಬತ್ತು ಜನ ನಿಂತ ಬಸ್ಸೂ ದಾಟಿತು.
ಬಸ್ಸಿಗೆಂದು ಮೂರನೆಯ ಕೈ ಕೊಟ್ಟಿಲ್ಲ.

"ಒಂದು ಕಾರಿಗೆ ಸರಾಸರಿ ಒಂದು ಪಾಯಿಂಟ್ ಎರಡು ಜನ"
ಎನ್ನುತ್ತಾಳೆ ಇಂಜಿನಿಯರ್ ಹುಡುಗಿ ಯೆಸೆನಿಯಾ.
ಆ ಪಾಯಿಂಟ್ ಎರಡು ಮನುಷ್ಯ
ಯಾವ ಸೀಟಿನಲ್ಲಿ ಕೂರುತ್ತಾನಮ್ಮ, ಅಂದೆ. ನಕ್ಕಳು.

ಹಾಸಿಗೆ ಅಂಗಡಿಯ ಹೆರ್ಮೆಲಿಂಡಾ ನಗುವುದಿಲ್ಲ.
ಲಾರಿ ನಿಲ್ಲಲು ಜಾಗವಿಲ್ಲ, ಷಟರು ಅರ್ಧ ಕೆಳಗೆ.
ವಾರಕ್ಕೆ ಮೂರು ಸಲ ಅವಳ ತಮ್ಮ ಡಯಾಲಿಸಿಸ್‌ಗೆ ಹೋಗಬೇಕು,
ಹನ್ನೆರಡು ನಿಮಿಷದ ದಾರಿ ಈಗ ಮೂವತ್ತು.
ಆ ಹದಿನೆಂಟನ್ನು ಯಾವ ಬೆರಳಲ್ಲಿ ಒತ್ತುತ್ತೀಯ
ಎಂದು ಕೇಳಿದಳು, ಕಾಫಿ ಕೊಡುತ್ತಾ.
ಬಿಸಿ ಕಾಫಿ. ಉತ್ತರವಿಲ್ಲದೆ ಕುಡಿದೆ.
"ಅಡ್ಡಗೋಡೆ ಮೇಲೆ ದೀಪ ಇಡಬೇಡ ಎವಾರಿಸ್ಟೊ,
ಇದು ಬೇಕಾ, ಬೇಡವಾ? ಒಂದು ಹೇಳು."
ನನ್ನ ಕುರ್ಚಿ ಹಾಕಿರುವುದೇ ಅಡ್ಡಗೋಡೆಯ ಮೇಲೆ ತಾಯಿ,
ಅತ್ತ ಹೊಗೆ, ಇತ್ತ ಗಂಟೆ,
ಎರಡೂ ಕಿವಿಗೆ ಬೀಳುತ್ತವೆ.

ಹೇಳದೆ ಉಳಿದದ್ದು ಇನ್ನೊಂದು.
ನೀಲಿ ಬಣ್ಣ ಬರುವುದಕ್ಕೆ ಬಹಳ ಹಿಂದೆ,
ಒಂದು ಮುಂಜಾವ, ಜಿಟಿಜಿಟಿ ಮಳೆ.
ಬ್ರೆಡ್ಡಿನ ಬುಟ್ಟಿ ಹೊತ್ತ ಸೈಕಲ್ಲು, ಹುಡುಗನಿರಬೇಕು.
ನನ್ನ ಬಲಗನ್ನಡಿ ಟಿಕ್ ಎಂದಿತು.
ಅಷ್ಟೇ ಸದ್ದು.
ಒಳಮಡಚಿದ ಕನ್ನಡಿಯಲ್ಲಿ ನನ್ನದೇ ಭುಜ ಕಾಣುತ್ತಿತ್ತು.
ಸಿಗ್ನಲ್ಲು ಹಸಿರಿತ್ತು. ಹಿಂದೆ ಹಾರ್ನುಗಳಿದ್ದವು.
ಹೊರಟುಬಿಟ್ಟೆ.
ಎದ್ದನೋ, ಇಲ್ಲವೋ.
ಬ್ರೆಡ್ಡುಗಳನ್ನು ಯಾರಾದರೂ ಆರಿಸಿಕೊಟ್ಟರೋ.

ಸಂಜೆ ಯಂತ್ರಗಳನ್ನು ಒಪ್ಪಿಸುತ್ತೇನೆ.
ಯೆಸೆನಿಯಾ ಕ್ಯಾಮೆರಾದ ಲೆಕ್ಕಕ್ಕೆ ತಾಳೆ ನೋಡುತ್ತಾಳೆ.
ಎಡಗೈ ಸರಿ.
ಬಲಗೈಯಲ್ಲಿ ದಿನವೂ ಒಂದು ಹೆಚ್ಚು.
"ಇರಲಿ, ಅಷ್ಟು ತಪ್ಪು ಎಲ್ಲರಿಗೂ ಬರುತ್ತೆ"
ಎಂದು ಬರೆದುಕೊಳ್ಳುತ್ತಾಳೆ.

ಆಮೇಲೆ ನಾನು ಮನೆಗೆ ಬಸ್ಸು ಹತ್ತುತ್ತೇನೆ.
ಎರಡು ಸಾಲಿನ ಜಾಮಿನಲ್ಲಿ ಐವತ್ತು ನಿಮಿಷ, ನಿಂತೇ,
ಮಂಡಿ ಹಿಡಿದುಕೊಂಡು.
ಕಿಟಕಿಯಾಚೆ ಗಂಟೆ ಬಾರಿಸುತ್ತಾ ಹುಡುಗರು ಹೋಗುತ್ತಿರುತ್ತಾರೆ.
ಬಯ್ಯುತ್ತೇನೆ, ಗಟ್ಟಿಯಾಗಿಯೇ.
ಜೇಬಿನೊಳಗೆ ಹೆಬ್ಬೆರಳು ಆಡುತ್ತಿರುತ್ತದೆ.